ಚುಚ್ಚದ ನೆರೆಯವನು

ಪುಟ್ಟ ಏಡಿ ಹವಳಕ್ಕೆ ಉಪಕಾರಿಯೋ ಉಪದ್ರವವೋ ಎಂದು ಅಕ್ವೇರಿಯಂ ಇಟ್ಟವರು ಇಂದಿಗೂ ವಾದಿಸುತ್ತಾರಂತೆ. ಗಾಜಿನ ತೊಟ್ಟಿಯೊಂದರ ಹವಳಕ್ಕೂ ಒಮ್ಮೆ ಅದೇ ಅನುಮಾನ ಬಂತು. ಅದರ ಕೊಂಬೆಗಳ ಸಂದಿಯಲ್ಲಿದ್ದ ಕಡಲೆಕಾಳಿನಷ್ಟು ಏಡಿ ದಿನವಿಡೀ ಓಡಾಡಿ ಮೈಯೆಲ್ಲ ಚುಚ್ಚುತ್ತಿತ್ತು.

ಪಕ್ಕದ ಕಲ್ಲಿನ ಬಸವನಹುಳು ಮೆಲ್ಲಗೆ ಹೇಳಿತು: "ಹವಳಕ್ಕ, ಈ ಒರಟನನ್ನು ಯಾಕೆ ಇಟ್ಟುಕೊಂಡಿದ್ದೀರಿ? ನಾನಾದರೆ ಬಂದದ್ದೇ ನಿಮಗೆ ಗೊತ್ತಾಗುವುದಿಲ್ಲ."

ಹವಳಕ್ಕೆ ಮಾತು ಹಿತವಾಯಿತು. "ತಮ್ಮಾ, ನೀನು ಬೇರೆ ಜಾಗ ನೋಡಿಕೋ," ಎಂದಿತು. ಏಡಿ ಎದುರು ಕಲ್ಲಿನ ಬಿರುಕಿಗೆ ಹೋಯಿತು.

ಬಸವನಹುಳು ಏರಿ ಬಂತು. ಹೇಳಿದಂತೆಯೇ ಚುಚ್ಚಲಿಲ್ಲ, ಕೆರೆಯಲಿಲ್ಲ. ಹವಳ ನೆಮ್ಮದಿಯಾಗಿ ತೂಕಡಿಸಿತು. ಎಚ್ಚರವಾಗಿ ನೋಡಿದರೆ ಒಂದು ಕೊಂಬೆಯ ಜೀವವನ್ನೆಲ್ಲ ಹುಳು ನುಣ್ಣಗೆ ಮೇದು ಬಿಳಿಗಲ್ಲು ಮಾಡಿ, ಮುಂದಿನ ಕೊಂಬೆಗೆ ಬಾಯಿ ಹಾಕಿತ್ತು.

"ತಮ್ಮಾ, ಬಾರಪ್ಪ," ಎಂದು ಹವಳ ಕೂಗಿತು.

ಏಡಿ ಓಡಿಬಂದು ಹುಳುವನ್ನು ಹಿಂಡಿ ಕೆಳಗುರುಳಿಸಿತು.

"ದಿನಾ ನೀನು ಓಡಾಡುತ್ತಿದ್ದದ್ದು ಇವನನ್ನು ಅಟ್ಟುವುದಕ್ಕೇ? ಮೊದಲೇ ಹೇಳಬಾರದಿತ್ತೇ?"

"ಹೇಳುವುದಕ್ಕೆ ಪುರುಸೊತ್ತೆಲ್ಲಿತ್ತು ಅಕ್ಕ? ಬುಡದಲ್ಲಿ ಇನ್ನೊಬ್ಬ ಹತ್ತುತ್ತಿದ್ದಾನೆ, ಇಳಿಯುತ್ತೇನೆ. ಕಾಲು ಚುಚ್ಚುತ್ತದೆ, ತಡೆದುಕೊಳ್ಳಿ."

"ಚುಚ್ಚಲಿ ಬಿಡು," ಎಂದಿತು ಹವಳ.