ಚಕ್ರದೊಳಗಿನ ಮಣಿ, ಕೆಂಚತ್ತೆಯ ಮೊಸರು

ಒಂದಾನೊಂದು ಊರಿನಲ್ಲಿ ಅಂತ ಶುರುಮಾಡೋಣವೆಂದರೆ, ಸಾತವ್ವ ಯಾವ ಊರಿನಲ್ಲೂ ಇರಲಿಲ್ಲ. ದಾರಿ ತಪ್ಪಿ, ಎರಡು ಊರುಗಳ ನಡುವಿನ ಮೂರುದಾರಿಯಲ್ಲಿ ಬೈಕು ನಿಲ್ಲಿಸಿಕೊಂಡಿದ್ದಳು. ಹಿಂದೆ ಒಂದು ಗಡಿಗೆ ಮೊಸರು. ಕೆಂಚತ್ತೆಗೆ ತೀರಿಸಬೇಕಾದ ಸಾಲ.

ಹೋದ ಸಲ ಚಕ್ರ ಗಡಗಡ ನಡುಗಿ ಮೊಸರೆಲ್ಲ ಮಜ್ಜಿಗೆಯಾಗಿತ್ತು. ಕೆಂಚತ್ತೆ ಮುಟ್ಟಲಿಲ್ಲ. "ಕೊಟ್ಟಿದ್ದು ಮೊಸರು, ಬರಬೇಕಾದ್ದೂ ಮೊಸರು. ಇನ್ನೊಂದು ಸಲ ತಪ್ಪಿದರೆ ನಿನಗೂ ನನಗೂ ಮಾತಿಲ್ಲ."

ದೀಪ ಹಚ್ಚಿದ ಮೇಲೆ ಮೊಸರು ಕೈಬದಲಾಗಬಾರದು. ಹೊತ್ತು ಆಗಲೇ ಇಳಿದಿತ್ತು.

ಅದಕ್ಕೇ ಈ ಸಲ ಪಂಕ್ಚರ್ ಅಂಗಡಿಯವನು ಟೈರಿನೊಳಗೆ ಒಂದು ಹಿಡಿ ಮಣಿ ಸುರಿದಿದ್ದ. "ಚಕ್ರ ತಿರುಗಿದರೆ ಇವು ಹಗುರಾದ ಕಡೆ ಓಡಿ ತೂಕ ಸರಿಮಾಡ್ತವೆ ಅಕ್ಕಾ, ನಡುಕ ಇರಲ್ಲ." ಏಳು ರಾಜ್ಯದ ನೀರು ಕುಡಿದ ಸಾತವ್ವ ಕಣ್ಣಿಗೆ ಕಾಣದವರ ಕೆಲಸವನ್ನು ನಂಬುವವಳಲ್ಲ. ಆದರೂ ಹಾಕಿಸಿದ್ದಳು.

ಮೂರುದಾರಿಯಲ್ಲಿ ಕೊಡೆ ಹಿಡಿದು ಕೂತಿದ್ದವನು ಅನುಮಾನರಾಯನೆಂಬ ದೊರೆ. ಅವನ ಅಕ್ಕಪಕ್ಕದಲ್ಲಿ ಮಂತ್ರಿ, ದಳಪತಿ.

"ಬುದ್ಧೀ, ಕೆಂಚತ್ತೆಯ ಊರಿಗೆ ಯಾವ ದಾರಿ?"

"ಮೊದಲು ಹೇಳು, ನೀನು ಬರುವಾಗ ಚಕ್ರದೊಳಗೆ ಸರಸರ ಅಂದಿದ್ದೇನು?"

"ಮಣಿ."

"ಏನು ಮಾಡ್ತವೆ?"

"ನನಗೂ ಅದೇ ಅನುಮಾನ."

ದೊರೆ ಟೈರಿಗೆ ಕಿವಿಯಿಟ್ಟ. "ಒಳಗೇನ್ರೋ ಮಾಡ್ತೀರಿ?"

"ಕೆಲಸ ಬುದ್ಧೀ," ಎಂದವು ಮಣಿಗಳು.

"ಬಿಚ್ಚಿ ನೋಡಲೇನು?"

"ಬಿಚ್ಚಬೇಕಾದರೆ ಚಕ್ರ ನಿಂತಿರಬೇಕು. ನಿಂತರೆ ನಾವು ತಳದಲ್ಲಿ ಬಿದ್ಕೋತೀವಿ. ಯಾರೂ ನೋಡದಿದ್ದಾಗಲೇ ನಮ್ಮ ಕೆಲಸ."

"ನಮ್ಮ ಮಂತ್ರಿಯೂ ಹೀಗೇ ಅಂತಾನೆ!" ದೊರೆ ಎದ್ದು ನಿಂತ.

ಗಾಳಿ ತುಂಬುವ ತೂತಿನಿಂದ ಮಂತ್ರಿಯನ್ನು ಒಳಗೆ ಕಳಿಸಿದ. ಮಂತ್ರಿ ಮಣಿಗಳ ಜತೆ ಸೇರಿಕೊಂಡರೆ? ಅವನನ್ನು ಕಾಯಲು ದಳಪತಿಯನ್ನು ಕಳಿಸಿದ. ಮಂತ್ರಿ, ದಳಪತಿ ಇಬ್ಬರೂ ಒಂದಾದರೆ? ಕೊಡೆ ಮಡಚಿ ತಾನೇ ನುಗ್ಗಿದ.

"ಅಯ್ಯೋ, ದಾರಿ?"

"ಒಳಗಿಂದಲೇ ಹೇಳ್ತೀನಿ. ಹೊಡಿ ಗಾಡಿ!"

ಬೈಕು ಹೊರಟಿತು. ಮಂತ್ರಿ ಒಂದು ಕಡೆ ನಿಂತ. ಅವನನ್ನು ನಂಬದ ದಳಪತಿ ಎದುರು ಕಡೆ ನಿಂತ. ಇಬ್ಬರನ್ನೂ ನಂಬದ ದೊರೆ ಮೂರನೆಯ ಕಡೆ. ದೊರೆಯ ಕಣ್ಣಿಗೆ ಹೆದರಿದ ಮಣಿಗಳು ಉಳಿದ ಕಡೆ. ಒಬ್ಬರನ್ನೊಬ್ಬರು ನಂಬದವರು ಒಂದೇ ಕಡೆ ನಿಲ್ಲುವುದುಂಟೇ? ಸುತ್ತಲೂ ತೂಕ ಸಮವಾಯಿತು. ಮೊಸರು ಗಡಿಗೆಯಲ್ಲಿ ತೂಕಡಿಸಿತು.

"ಎಡಕ್ಕೆ!" ಎಂದ ದೊರೆ. ತಲೆಕೆಳಗಾದವನ ಎಡವೆಂದು ಅನುಮಾನಿಸಿ ಸಾತವ್ವ ಬಲಕ್ಕೆ ತಿರುಗಿದಳು. ಹಾಗೆಯೇ ಊರು ಸೇರಿದಳು.

ಕೆಂಚತ್ತೆ ಕಡ್ಡಿ ಗೀರಲು ಕೈಯೆತ್ತಿದ್ದಳು. ತಡೆದು, ಗಡಿಗೆ ಓರೆಮಾಡಿ ನೋಡಿದಳು. ಮೊಸರು ಅಲ್ಲಾಡಲಿಲ್ಲ.

"ಏನೇ, ಚಕ್ರದ ನಡುಕ ನಿಲ್ಲಿಸಿದವರಾರು?"

"ಗೊತ್ತಿಲ್ಲ ಅತ್ತೆ. ಮಣಿಗಳು ನಾವು ಅಂತಾವೆ, ದೊರೆ ನಾನು ಅಂತಾನೆ."

"ಹಾಗಾದರೆ ಎರಡನ್ನೂ ತೆಗೀಬೇಡ."

ಟೈರಿಗೆ ಮಣಿ ಹಾಕಿಸುವವರು ಜತೆಗೊಬ್ಬ ದೊರೆಯನ್ನೂ ಹಾಕಿಸಿಕೊಳ್ಳಬೇಕೆಂಬುದು ಇದರ ನೀತಿ.

ಸಾತವ್ವ ಅತ್ತೆಯ ಪಾತ್ರೆಗೆ ಗಡಿಗೆ ಬೋರಲು ಹಾಕಿ ಕೊನೆಯ ಹನಿಯನ್ನೂ ಸುರಿದಳು. ಆಮೇಲೆ ಕೆಂಚತ್ತೆ ದೀಪ ಹಚ್ಚಿದಳು. ಸಾತವ್ವನ ಋಣ ಅಲ್ಲಿಗೆ, ನಮ್ಮ ಕತೆ ಇಲ್ಲಿಗೆ.