ಹೆಸರೆತ್ತದ ಮಾತುಗಾರ

"ಗುರುಗಳೇ, ನಾಳೆ ಸಭೆಯಲ್ಲಿ ನನ್ನ ಭಾಷಣವಿದೆ. ನಗಿಸುತ್ತಲೇ ಊರಿನ ತಪ್ಪುಗಳನ್ನು ಚುಚ್ಚುತ್ತೇನೆ. ಯಾರ ಹೆಸರನ್ನೂ ಎತ್ತುವುದಿಲ್ಲ. ಆಗ ಯಾರಿಗೂ ನೋವಾಗುವುದಿಲ್ಲ, ಅಲ್ಲವೇ?" ಎಂದು ಮುರಿಗೆಪ್ಪ ಕೇಳಿದ.

ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವಿಡಂಬನೆಯ ಬರಹಗಾರನಿದ್ದ. ಬರೆದದ್ದಕ್ಕಿಂತ ಅವನು ವೇದಿಕೆಯ ಮೇಲೆ ಆಡಿದ ಮಾತೇ ಹೆಸರುವಾಸಿ. ಸಭೆಯೆಲ್ಲ ಹೊಟ್ಟೆ ಹಿಡಿದು ನಕ್ಕರೂ ಅವನ ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ. ಕಳ್ಳನನ್ನು ಸಾಧುವೆಂದು ಹೊಗಳುತ್ತಿದ್ದ; ಜನ ತಿರುಗಿಸಿ ಅರ್ಥ ಮಾಡಿಕೊಳ್ಳುತ್ತಿದ್ದರು. ಹೆಸರನ್ನು ಮಾತ್ರ ಎತ್ತುತ್ತಿರಲಿಲ್ಲ. ಅದೇ ತನ್ನ ಸಭ್ಯತೆ ಎಂದುಕೊಂಡಿದ್ದ.

ಒಮ್ಮೆ ಅವನು, "ನಮ್ಮೂರಿನ ತಕ್ಕಡಿಯಂಥ ಧರ್ಮಿಷ್ಠ ತಕ್ಕಡಿ ಬೇರೆಲ್ಲೂ ಇಲ್ಲ. ಮುಕ್ಕಾಲು ಸೇರನ್ನೂ ಒಂದು ಸೇರೆಂದೇ ಗೌರವಿಸುತ್ತದೆ" ಎಂದ. ಅವನ ಮನಸ್ಸಿನಲ್ಲಿದ್ದವನು ಮುಂದಿನ ಸಾಲಿನಲ್ಲಿ ಕುಳಿತ ವರ್ತಕ. ಸಭೆ ಏರ್ಪಡಿಸಿದವನೂ ಅವನೇ. ಅತ್ತ ನೋಡಲು ಧೈರ್ಯವಾಗದೆ ಬರಹಗಾರ ಬಾಗಿಲ ಕಡೆ ನೋಡಿದ. ಅಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬಳು ನಿಂತಿದ್ದಳು. ಜನ ತಿರುಗಿ ಅವಳನ್ನು ನೋಡಿ ನಕ್ಕರು. ವರ್ತಕ ಎಲ್ಲರಿಗಿಂತ ಜೋರಾಗಿ ನಕ್ಕ.

ಮಾರನೆಯ ದಿನದಿಂದ ಅವಳ ಬುಟ್ಟಿಯ ಹತ್ತಿರ ಯಾರೂ ಸುಳಿಯಲಿಲ್ಲ. ನಾಲ್ಕನೆಯ ದಿನ ಅವಳು ಬಾಡಿದ ಸೊಪ್ಪನ್ನೆಲ್ಲ ತಂದು ಬರಹಗಾರನ ಜಗಲಿಯ ಮೇಲೆ ಸುರಿದಳು.

"ಸ್ವಾಮಿ, ನೀವು ಎಂದಾದರೂ ನನ್ನ ತಕ್ಕಡಿ ನೋಡಿದ್ದೀರಾ?"

"ನಾನು ಅಂದದ್ದು ನಿನ್ನನ್ನಲ್ಲ, ತಾಯಿ."

"ಅದು ನನಗೆ ಗೊತ್ತಿಲ್ಲವೇ? ಅದನ್ನು ಜನ ನಕ್ಕ ಜಾಗದಲ್ಲೇ ನಿಂತು ಹೇಳಿ. ನಿಮ್ಮ ಮಾತು ಹಳತಾದರೂ ಮಾರುತ್ತದೆ. ನನ್ನ ಸೊಪ್ಪು ಸಂಜೆಗೇ ಬಾಡುತ್ತದೆ."

ಮುಂದಿನ ಸಭೆಯಲ್ಲಿ ಅವನು, "ಆ ತಾಯಿಯ ತೂಕದಲ್ಲಿ ಮೋಸವಿಲ್ಲ" ಎಂದ. ಮುಖ ಎಂದಿನಂತೆ ಗಂಭೀರವಾಗಿತ್ತು. ಜನ ಎಂದಿನಂತೆ ತಿರುಗಿಸಿ ಅರ್ಥ ಮಾಡಿಕೊಂಡು ಬಿದ್ದು ಬಿದ್ದು ನಕ್ಕರು. ಮತ್ತೊಮ್ಮೆ ಹೇಳಿದ. ಇನ್ನೂ ನಕ್ಕರು. ನಿಜವನ್ನು ಯಾವ ಮುಖ ಮಾಡಿ ಹೇಳಬೇಕೆಂದೇ ಅವನಿಗೆ ತಿಳಿಯಲಿಲ್ಲ. ಆ ನಗುವನ್ನು ನಿಲ್ಲಿಸಲು ಅವನ ಬಳಿ ಉಳಿದಿದ್ದದ್ದು ಒಂದೇ, ವರ್ತಕನ ಹೆಸರು. ವರ್ತಕ ಸನ್ಮಾನದ ಶಾಲು ಹಿಡಿದು ವೇದಿಕೆಯ ಮೆಟ್ಟಿಲ ಹತ್ತಿರ ನಿಂತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪನಿಗೆ ದಿಕ್ಕು ತೋಚಲಿಲ್ಲ. ತಪ್ಪು ಮಾಡಿದವನು ನಗುತ್ತಿದ್ದಾನೆ. ಮಾಡದವಳ ಒಲೆ ಆರಿದೆ. ಬರಹಗಾರನೋ ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. ಹಾಗಾದರೆ ತಪ್ಪಿದ್ದೆಲ್ಲಿ?

"ಕೊನೆಗಾದರೂ ಅವನು ಆ ಹೆಸರು ಹೇಳಿದನೇ?" ಎಂದು ಮೆಲ್ಲಗೆ ಕೇಳಿದ.

ಗುರುಗಳೆಂದರು: "ಹೇಳಿದ್ದರೆ ಈ ಕತೆಯಲ್ಲಿ ವರ್ತಕನಿಗೊಂದು ಹೆಸರಿರುತ್ತಿತ್ತು."