ಹರಿಗೋಲು ತಪ್ಪಿಸುವ ಆಟ

ಹೊಳೆದಂಡೆಯಲ್ಲೊಂದು ಆಶ್ರಮ. ಅಲ್ಲಿ ಮಂತ್ರ ಕಲಿಸುತ್ತಿರಲಿಲ್ಲ, ಯೋಗವನ್ನೂ ಕಲಿಸುತ್ತಿರಲಿಲ್ಲ. ಆಟ ಕಟ್ಟುವುದನ್ನು ಕಲಿಸುತ್ತಿದ್ದರು. ಪರದೆಯ ಮೇಲೆ ಬೆರಳಾಡಿಸಿ ಜನ ಊಟ ತಿಂಡಿ ಮರೆಯುತ್ತಾರಲ್ಲ, ಆ ಆಟ.

ಗುರುಗಳ ಹೆಸರು ಚನ್ನವೀರಯ್ಯ. ಅವರ ಬಾಯಲ್ಲಿ ಮಾತು ಕಡಿಮೆ, ಹೆಗಲ ಮೇಲೆ ಸದಾ ಒಂದು ಕೆಂಪು ಟವಲು.

ಅವರನ್ನು ಹುಡುಕಿಕೊಂಡು ಬೀರೇಶ ಬಂದ. ಮೀಸೆ ಮೊಳೆಯುವ ಮೊದಲೇ ಮೀಸೆ ತಿರುವುವುದನ್ನು ಕಲಿತವನು. ಗುರುಗಳ ಹೆಸರು ಆಶ್ರಮದ ಕಲ್ಲಿನ ಮೇಲಿದ್ದರೆ ತನ್ನದನ್ನು ಅದಕ್ಕಿಂತ ಮೇಲೆ ಕೆತ್ತಿಸುತ್ತೇನೆಂದು ಊರಿಗೆಲ್ಲ ಸಾರಿ ಬಸ್ ಹತ್ತಿದ್ದ.

ಬಂದ ದಿನ ಗುರುಗಳು ಕೇಳಿದರು, "ನಿನಗೆ ಏನು ಗೊತ್ತಿಲ್ಲ?"

ಬೀರೇಶನಿಗೆ ನಗು ಬಂತು. "ಎಲ್ಲರೂ ಏನು ಗೊತ್ತು ಅಂತ ಕೇಳ್ತಾರೆ ಗುರುಗಳೇ."

"ಅದನ್ನ ನೀನೇ ಹೇಳ್ತೀಯ. ನಾನು ಕೇಳಬೇಕಾಗಿಲ್ಲ."

ಬೀರೇಶ ತಲೆ ಕೆರೆದುಕೊಂಡ. ಹೊಳೆ ನೋಡಿದ, ಆಕಾಶ ನೋಡಿದ. ಗೊತ್ತಿಲ್ಲದ್ದು ಒಂದಾದರೂ ಹೊಳೆಯಬೇಕಲ್ಲ! "ಅಂಥದ್ದೇನೂ ಇದ್ದಂಗಿಲ್ಲ," ಅಂದ.

"ಸರಿ, ಇರು. ಸಿಕ್ಕಾಗ ಹೇಳು."

ಆಶ್ರಮದಲ್ಲಿ ಪರೀಕ್ಷೆ ಒಂದೇ. ಹರಿಗೋಲು ಕಟ್ಟುವ ಜಾಗದಲ್ಲಿ, ಹೊಂಗೆ ಮರದ ಕೆಳಗೆ, ಒಂದು ಕಲ್ಲುಕಟ್ಟೆ. ಹೊಳೆ ದಾಟುವವರು ಅಲ್ಲಿ ಕೂತು ಕಾಯುತ್ತಾರೆ. ಶಿಷ್ಯ ತಾನು ಕಟ್ಟಿದ ಆಟವನ್ನು ಒಂದು ಟ್ಯಾಬಿಗೆ ತುಂಬಿ ಮೂರು ದಿನ ಆ ಕಟ್ಟೆಯ ಮೇಲಿಡಬೇಕು.

ಆಟದಲ್ಲಿ ಮುಳುಗಿ ಒಬ್ಬರಾದರೂ ಹರಿಗೋಲು ತಪ್ಪಿಸಿಕೊಂಡರೆ ಶಿಷ್ಯ ಗೆದ್ದ; ಕಟ್ಟೆಯ ಕಲ್ಲಿನಲ್ಲಿ ಅವನ ಹೆಸರು ಕೆತ್ತುತ್ತಾರೆ. ಯಾರೂ ತಪ್ಪಿಸಿಕೊಳ್ಳದಿದ್ದರೆ ಮೂರನೆಯ ಸಂಜೆ ಹಾಸಿಗೆ ಸುತ್ತಿಕೊಂಡು ಅದೇ ಹರಿಗೋಲಿನಲ್ಲಿ ಅವನೇ ಹೊರಡಬೇಕು. ಎರಡನೆಯ ಅವಕಾಶವಿಲ್ಲ.

ಕಲ್ಲಿನ ಮೇಲಿನ ಕೊನೆಯ ಹೆಸರು ಮಾಬುನ್ನಿಯದು. ಅವಳ ಆಟ ಆಡುತ್ತಾ, ಹೆಣ್ಣು ನೋಡಲು ಹೊರಟಿದ್ದ ಗಂಡೇ ದಡದಲ್ಲಿ ಉಳಿದುಬಿಟ್ಟಿದ್ದ. ಈಗ ಅವಳು ಆಶ್ರಮದಲ್ಲೇ ಇದ್ದು ಹೊಸಬರಿಗೆ ಕಲಿಸುತ್ತಾಳೆ, ಕಾಲೆಳೆಯುತ್ತಾಳೆ.

"ಒಬ್ಬ ಗಂಡು ಏನು ಮಹಾ," ಅಂದ ಬೀರೇಶ. "ನಾನು ಇಡೀ ಹರಿಗೋಲನ್ನೇ ಖಾಲಿ ಕಳಿಸ್ತೀನಿ."

"ಲೇ ಬೀರ್ಯಾ, ಮೊದಲು ಒಂದು ಆಟ ಕಟ್ಟು. ಆಮೇಲೆ ಹರಿಗೋಲು."

ಬೀರೇಶ ಕಟ್ಟಿದ. ಜನ ಹುಚ್ಚೆದ್ದು ಆಡಿದ ಆಟಗಳನ್ನೆಲ್ಲ ಆರಿಸಿಕೊಂಡು ಅವುಗಳ ಕೆನೆ ತೆಗೆದು ಕಟ್ಟಿದ. ಒಬ್ಬ ವೀರ ಓಡುತ್ತಾನೆ. ಗುಂಡಿ ಬಂದರೆ ಹಾರುತ್ತಾನೆ, ಈಟಿ ಬಂದರೆ ಬಗ್ಗುತ್ತಾನೆ, ದಾರಿಯಲ್ಲಿ ರತ್ನ ಹೆಕ್ಕುತ್ತಾನೆ. ಕೊನೆಗೊಬ್ಬ ರಾಕ್ಷಸ. ಬಣ್ಣ ಅಂದರೆ ಬಣ್ಣ! ಓಟ ಅಂದರೆ ಓಟ! ಕೈಚಳಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ ಅನ್ನುವುದು ಸುಳ್ಳಲ್ಲ.

ಕಟ್ಟೆಗೆ ಇಡುವ ಮೊದಲು ಗುರುಗಳಿಗೆ ತೋರಿಸಬೇಕು. ಬೀರೇಶ ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು ಪ್ರಸಾದ ಕೊಡುವವನಂತೆ ಮುಂದೆ ಚಾಚಿದ.

ಗುರುಗಳು ಹೆಗಲ ಮೇಲಿನ ಕೆಂಪು ಟವಲು ತೆಗೆದರು. ಅದನ್ನು ಪಟ್ಟಿಯಾಗಿ ಮಡಿಚಿ ಕಣ್ಣಿಗೆ ಕಟ್ಟಿಕೊಂಡರು.

"ಸದ್ದು ನಿಲ್ಲಿಸು. ಹ್ಞೂಂ, ಈಗ ಕೊಡು."

ಬೀರೇಶ ಕೊಟ್ಟ.

ಗುರುಗಳ ಹೆಬ್ಬೆರಳು ಆಡಿತು. ವೀರ ಓಡಿದ. ಗುಂಡಿ ಬಂತು, ಹಾರಿದ. ಈಟಿ ಬಂತು, ಬಗ್ಗಿದ. ಎರಡು ಗುಂಡಿ ಒಟ್ಟಿಗೇ ಬಂದವು, ಎರಡನ್ನೂ ಒಂದೇ ನೆಗೆತಕ್ಕೆ ದಾಟಿದ. ರತ್ನ ಹೆಕ್ಕಿದ. ರಾಕ್ಷಸ ಬಂದ, ಮೂರು ಏಟಿಗೆ ಮಲಗಿದ.

ಗುರುಗಳು ಟವಲು ಬಿಚ್ಚಿ ಮುಖ ಒರೆಸಿಕೊಂಡರು. "ಚೆನ್ನಾಗಿ ಮಾಡಿದೀಯ."

"ಗುರುಗಳೇ, ಇದನ್ನ ಮೊದಲೇ ಆಡಿದ್ರಾ?"

"ಇದನ್ನಾ? ಇಲ್ಲಪ್ಪ. ಇಂಥವನ್ನ ಬೇಕಾದಷ್ಟು."

ಬೀರೇಶನಿಗೆ ಸಿಟ್ಟು ನೆತ್ತಿಗೇರಿತು. "ಜನಕ್ಕೆ ಹಿಡಿಸೋದನ್ನೇ ಮಾಡಿದೀನಿ. ಯಾರೂ ಕಾಣದ್ದು ಏನೋ ಮಾಡಿ, ಅದು ಯಾರಿಗೂ ಹಿಡಿಸದೇ ಹೋದ್ರೆ? ಹಾಸಿಗೆ ಸುತ್ತಬೇಕಾದೋನು ನಾನು!"

"ಹೌದು," ಅಂದರು ಗುರುಗಳು. "ನೀನೇ."

ಅಷ್ಟು ಹೇಳಿ ಕಾಲು ತೊಳೆಯಲು ಹೊಳೆಗೆ ಇಳಿದರು. ಬೀರೇಶ ಬುಸುಗುಡುತ್ತಾ ಹಿಂದೆಯೇ ಹೋಗಿ ಒಂದು ಬಂಡೆಯ ಮೇಲೆ ಕೂತ.

ಆಚೆ ದಡದಲ್ಲಿ ಒಂದು ಕುರಿ ಹಿಂಡು ನೀರು ಕುಡಿಯುತ್ತಿತ್ತು. ಬೀರೇಶ ಸುಮ್ಮನೆ ನೋಡುತ್ತಿದ್ದವನು ಧಡಕ್ಕನೆ ಎದ್ದು ನಿಂತ.

"ಗುರುಗಳೇ, ಆ ಲಕ್ಕಿ ಪೊದೆ ಹಿಂದೆ ಏನೋ ಐತೆ."

ಗುರುಗಳು ಹುಬ್ಬಿಗೆ ಕೈ ಹಿಡಿದು ನೋಡಿದರು. "ಪೊದೆ ಐತೆ. ಅಷ್ಟೇ."

"ಪೊದೆ ನೋಡಬ್ಯಾಡ್ರಿ, ಕುರಿ ಕಿವಿ ನೋಡ್ರಿ. ಆ ಬಿಳಿ ಮರಿ ಮೊದಲು ತಿರುಗಿಸ್ತು. ಈಗ ಎರಡಾದ್ವು, ನಾಕಾದ್ವು..."

ಹೇಳುತ್ತಲೇ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. ಹಿಂಡು ಒಮ್ಮೆಗೇ ಎಡಕ್ಕೆ ಹೊರಳಿತು. ಪೊದೆಯಿಂದ ಒಂದು ತೋಳ ತಲೆ ಹೊರಹಾಕಿ, ಸುತ್ತ ನೋಡಿ, ನಾಚಿಕೊಂಡಂತೆ ಹಿಂದೆ ಸರಿಯಿತು.

"ಇದನ್ನ ಯಾವ ಆಟದಲ್ಲಿ ಕಲಿತೆ?"

"ಆಟದಲ್ಲಲ್ಲ. ಹತ್ತು ವರ್ಷ ಕುರಿ ಕಾದೀನಿ," ಅಂದುಬಿಟ್ಟ ಬೀರೇಶ. ಅಂದವನೇ ನಾಲಿಗೆ ಕಚ್ಚಿಕೊಂಡ. ಆಶ್ರಮದಲ್ಲಿ ಎಲ್ಲ ಕೊಚ್ಚಿಕೊಂಡಿದ್ದ, ಇದೊಂದನ್ನು ಮಾತ್ರ ಮುಚ್ಚಿಟ್ಟಿದ್ದ.

ಗುರುಗಳು ತೊಳೆದ ಕಾಲನ್ನೇ ಇನ್ನೊಮ್ಮೆ ತೊಳೆದುಕೊಂಡು ಮೇಲೆ ಹತ್ತಿದರು.

ಮರುದಿನ ಬೀರೇಶ ವೀರನನ್ನು ಅಳಿಸಿದ. ರಾಕ್ಷಸನನ್ನು ಅಳಿಸುವಾಗ ಕೈ ಸ್ವಲ್ಪ ತಡೆಯಿತು, ಅವನ ಮೀಸೆ ಅಷ್ಟು ಚೆನ್ನಾಗಿ ಬಂದಿತ್ತು. ಆದರೂ ಅಳಿಸಿದ.

ಎರಡು ತಿಂಗಳು ಯಾರ ಹತ್ತಿರವೂ ಜಂಬ ಕೊಚ್ಚಲಿಲ್ಲ. ಹುಡುಗನಿಗೆ ಜ್ವರ ಇರಬೇಕೆಂದು ಮಾಬುನ್ನಿ ಕಷಾಯ ಮಾಡಿಕೊಟ್ಟಳು.

ಕೊನೆಗೊಂದು ದಿನ ಅವಳಿಗೆ ಆಟ ತೋರಿಸಿದ. ಪರದೆಯ ತುಂಬ ಹುಲ್ಲುಗಾವಲು, ಅದರಲ್ಲೊಂದು ಕುರಿ ಹಿಂಡು ಮೇಯುತ್ತಿದೆ. ಮೇಯುತ್ತಲೇ ಇದೆ.

"ಕುರುಬ ಎಲ್ಲಿ?"

"ಆಡೋರೇ ಕುರುಬ. ಬೆರಳು ಎಳೆದ್ರೆ ಸಿಳ್ಳೆ. ಎತ್ತ ಎಳೀತಾರೋ ಹಿಂಡು ಅತ್ತ ಹೋಗುತ್ತೆ."

"ತೋಳ?"

"ಕಾಣಲ್ಲ."

"ಕಾಣಲ್ಲ ಅಂದ್ರೆ?"

"ಯಾವ ಕಡೆಯಿಂದ ಬರ್ತಾ ಐತೆ ಅನ್ನೋದನ್ನ ಕಿವಿ ನೋಡಿ ತಿಳ್ಕೋಬೇಕು. ಇಗೋ, ಈ ಕಿವಿ ಹರಿದ ಮರಿ ಐತಲ್ಲ, ಚುಕ್ಕಿ, ಇದಕ್ಕೆ ಎಲ್ಲಕ್ಕಿಂತ ಮೊದಲು ಗೊತ್ತಾಗುತ್ತೆ. ತಪ್ಪಿ ಸಿಳ್ಳೆ ಹಾಕಿದ್ರೆ ಹಿಂಡು ಚೆದುರಿಹೋಗುತ್ತೆ."

ಮಾಬುನ್ನಿ ಬಹಳ ಹೊತ್ತು ನೋಡಿದಳು. "ಅಂಕ ಇಲ್ಲ, ರತ್ನ ಇಲ್ಲ, ಬಾಣದ ಗುರುತೂ ಇಲ್ಲ. ಕಟ್ಟೆ ಮೇಲೆ ಕೂತೋರಿಗೆ ಅರ್ಥ ಆಗದೇ ಹೋದ್ರೆ ಏನು ಮಾಡ್ತೀಯೋ?"

ಬೀರೇಶ ಟ್ಯಾಬ್ ಎತ್ತಿಕೊಂಡು ಹೊರಟ. ಗುರುಗಳಿಗೆ ತೋರಿಸಿದ. ಅವರು ಟವಲು ತೆಗೆಯಲಿಲ್ಲ. "ಕಟ್ಟೆಗಿಡು" ಅಂದರು, ಅಷ್ಟೇ.

ಮೊದಲ ದಿನ ಸೊಪ್ಪಿನ ಬುಟ್ಟಿಯ ಅಜ್ಜಿ ಬಂದು ಟ್ಯಾಬನ್ನು ಮೂಗಿನ ಹತ್ತಿರ ಹಿಡಿದಳು. "ಆಟ ಎಲ್ಲಪ್ಪ?"

"ಇದೇ ಅಜ್ಜಿ."

"ಬರೀ ಕುರಿ ಮೇಯ್ತಾವೆ. ಇದನ್ನ ನೋಡಾಕೆ ನಮ್ಮ ಹಿತ್ತಲು ಸಾಲದಾ?"

ಆಮೇಲೆ ಬಂದ ಒಬ್ಬ ಯುವಕ ಎರಡು ಸಲ ಬೆರಳಿನಿಂದ ಕುಟ್ಟಿ, "ಅಣ್ಣಾ, ಕೆಟ್ಟಿದೆ ಅನ್ಸುತ್ತೆ, ರಿಪೇರಿ ಮಾಡಿಸಿ" ಎಂದು ಕೈಗಿಟ್ಟ. ಅಂಬಿಗ ಹುಲಿಗೆಪ್ಪ "ಹೊರಟ್ತು ಹರಿಗೋಲು!" ಎಂದು ಕೂಗಿದ. ಎಲ್ಲರೂ ಎದ್ದು ಹೋದರು.

ಎರಡನೆಯ ದಿನ ಶಾಲೆಯ ಮೇಷ್ಟ್ರೊಬ್ಬರು ಐದು ಕುರಿ ತೋಳದ ಪಾಲಾಗುವ ತನಕ ಆಡಿದರು. ಹುಬ್ಬು ಗಂಟಿಕ್ಕಿ ಬಗ್ಗಿ ಬಗ್ಗಿ ನೋಡಿದರು. ಹುಲಿಗೆಪ್ಪ ಕೂಗಿದ. ಮೇಷ್ಟ್ರು ಟ್ಯಾಬ್ ಕೆಳಗಿಟ್ಟು, ಪಂಚೆ ಎತ್ತಿಕಟ್ಟಿ ಓಡಿದರು.

ಅವತ್ತು ಸಂಜೆ ಬೀರೇಶ ಗುರುಗಳ ಮುಂದೆ ನಿಂತ.

"ಒಂದು ಕೆಂಪು ಬಾಣ ಹಾಕ್ತೀನಿ ಗುರುಗಳೇ. ತೋಳ ಬರೋ ಕಡೆ. ಒಂದೇ ಒಂದು. ಜೊತೆಗೆ ಕುರಿಗೊಂದು ರತ್ನ."

"ಹಾಕು," ಅಂದರು ಗುರುಗಳು. ಹೆಗಲಿಂದ ಟವಲು ತೆಗೆದು, ತೊಡೆಯ ಮೇಲೆ ಹಾಸಿ, ನಿಧಾನವಾಗಿ ಪಟ್ಟಿಯಾಗಿ ಮಡಿಚತೊಡಗಿದರು.

ಬೀರೇಶ ಟವಲನ್ನು ನೋಡಿದ. ಒಂದು ಮಡಿಕೆ. ಎರಡು ಮಡಿಕೆ.

"ಬ್ಯಾಡ ಬಿಡ್ರಿ," ಅಂದ.

ಹೋಗಿ ಹಾಸಿಗೆಯನ್ನು ತಾನೇ ಸುತ್ತಿ ಹಗ್ಗ ಬಿಗಿದ. ಆಮೇಲೆ ಅದರ ಮೇಲೆ ಕೂತು ತನ್ನ ಆಟ ತಾನೇ ಆಡಿದ. ಚುಕ್ಕಿಯ ಕಿವಿ ತಿರುಗಿದ್ದು ಅವನಿಗೇ ಕಾಣಲಿಲ್ಲ, ಹಿಂಡು ಚೆಲ್ಲಾಪಿಲ್ಲಿಯಾಯಿತು. ತಾನು ಕಟ್ಟಿದ ಆಟದಲ್ಲಿ ತಾನೇ ಸೋತ! ಬೀರೇಶ ಒಬ್ಬನೇ ನಕ್ಕ. ಸೋತು ನಕ್ಕದ್ದು ಅವನ ಆಯುಷ್ಯದಲ್ಲಿ ಅದೇ ಮೊದಲು.

ಮೂರನೆಯ ದಿನ ಬೆಳಿಗ್ಗೆಯಿಂದ ಯಾರೂ ಟ್ಯಾಬ್ ಮುಟ್ಟಲಿಲ್ಲ.

ಸಂಜೆಯ ಕೊನೆಯ ಹರಿಗೋಲಿಗೆ ಗುರುಗಳೂ ಬಂದು ಕೂತರು. ಆಚೆ ದಡದ ತಂಗಿಯ ಮನೆಯಲ್ಲಿ ಹೋಳಿಗೆ ಊಟ. ಸೊಪ್ಪಿನ ಅಜ್ಜಿ ಖಾಲಿ ಬುಟ್ಟಿಯೊಂದಿಗೆ ಹತ್ತಿದಳು. ಮೇಷ್ಟ್ರು ಹತ್ತಿದರು. ಇನ್ನೂ ನಾಲ್ಕೈದು ಜನ ಹತ್ತಿದರು. ಬೀಳ್ಕೊಡಲು ಮಾಬುನ್ನಿ ದಡದಲ್ಲಿ ನಿಂತಿದ್ದಳು. ಬೀರೇಶ ಹಾಸಿಗೆ ಹೆಗಲಿಗೇರಿಸಿ ಇಳಿದು ಬಂದ.

"ಹುಲಿಗೆಪ್ಪಾ! ತುಂಬ್ತು, ಹೊರಡು!" ಯಾರೋ ಕೂಗಿದರು.

"ಬಂದೆ."

ಬರಲಿಲ್ಲ.

"ಲೇ ಹುಲಿಗೆಪ್ಪಾ!"

"ಬಂದೆ ಅಂದೆನಲ್ರೀ!"

ಎಲ್ಲರೂ ತಿರುಗಿ ನೋಡಿದರು. ಹುಲಿಗೆಪ್ಪ ಹೊಂಗೆ ಮರದ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದ. ಹುಟ್ಟುಗೋಲು ಪಕ್ಕದಲ್ಲಿ ಬಿದ್ದಿತ್ತು. ಜನ ತುಂಬುವವರೆಗೆ ಹೊತ್ತು ಕಳೆಯಲೆಂದು ಟ್ಯಾಬ್ ಎತ್ತಿಕೊಂಡಿದ್ದ. ನಲವತ್ತು ವರ್ಷ ನೀರಿನ ಮೈ ನೋಡಿ ಸುಳಿ ಗುರುತಿಸಿದವನು. ಈಗ ಕುರಿ ಕಿವಿಯನ್ನೂ ಅದೇ ಕಣ್ಣಲ್ಲಿ ನೋಡುತ್ತಿದ್ದ.

"ಹೊತ್ತು ಮುಳುಗ್ತದೆ ಕಣೋ!" ಅಜ್ಜಿ ಕೂಗಿದಳು.

"ಶ್! ಮಾತಾಡಬ್ಯಾಡ್ರಿ. ಕಿವಿ ತಿರುಗ್ತಾ ಐತೆ."

"ಯಾರ ಕಿವಿನೋ? ನಿನ್ನ ಕಿವಿ ಕೇಳಲ್ವೇನೋ?"

"ಅಜ್ಜಿ, ನಿನ್ನ ಕಾಲಿಗೆ ಬೀಳ್ತೀನಿ, ಸುಮ್ಕಿರು! ಈ ಹರಿದ ಕಿವಿದು ಬಲಕ್ಕೆ ನೋಡ್ತಾ ಐತೆ... ಇನ್ನೊಂದು ಎಡಕ್ಕೆ... ಅಯ್ಯೋ, ಎರಡು ತೋಳ ಐತೆ ಕಣ್ರೋ!"

ಹರಿಗೋಲಿನಲ್ಲಿದ್ದ ಮೇಷ್ಟ್ರು ಅರ್ಧ ಎದ್ದು ನಿಂತರು. "ಹೌದಾ? ಎರಡಾ? ನಾನು ಒಂದೇ ಅಂದ್ಕೊಂಡಿದ್ದೆ!" ಹರಿಗೋಲು ವಾಲಿತು. ಎಲ್ಲರೂ ಬೈದು ಅವರನ್ನು ಕೂರಿಸಿದರು.

ಬೀರೇಶ ಹಾಸಿಗೆ ಹೊತ್ತುಕೊಂಡೇ ಹರಿಗೋಲಿನ ಪಕ್ಕದ ನೀರಿಗಿಳಿದ.

"ಗುರುಗಳೇ, ಇದು ಪರೀಕ್ಷೆಗೆ ಸಲ್ಲುತ್ತಾ? ಯಾರೂ ಹರಿಗೋಲು ತಪ್ಪಿಸ್ಕೊಂಡಿಲ್ಲ. ಎಲ್ಲರೂ ಒಳಗೇ ಕೂತಿದ್ದಾರೆ."

"ಖಾಲಿ ಕಳಿಸ್ತೀನಿ ಅಂದಿದ್ದೆಯಲ್ಲೋ," ದಡದಿಂದ ಮಾಬುನ್ನಿ ನಕ್ಕಳು. "ತುಂಬಿಸಿ ನಿಲ್ಲಿಸಿದೀಯ!"

ಗುರುಗಳು ಮುಳುಗುವ ಹೊತ್ತನ್ನು ನೋಡಿದರು, ಹುಲಿಗೆಪ್ಪನ ಬಗ್ಗಿದ ಬೆನ್ನನ್ನು ನೋಡಿದರು.

"ಬೀರೇಶಾ, ಹೋಳಿಗೆ ಆರ್ತಾ ಐತೆ. ಆ ಹಾಸಿಗೆ ಒಳಗಿಟ್ಟು ಬಾ."

"ಒಳಗೆ ಅಂದ್ರೆ... ಹರಿಗೋಲೊಳಗಾ?"

"ಆಶ್ರಮದೊಳಗೆ."

ಬೀರೇಶ ಓಡಿದ. ಓಡಿಕೊಂಡೇ ವಾಪಸ್ ಬಂದ. ಉಸಿರು ಇನ್ನೂ ಮೇಲೆ ಕೆಳಗೆ ಆಗುತ್ತಿರುವಾಗಲೇ ಗುರುಗಳು ಹುಟ್ಟುಗೋಲಿನ ಕಡೆ ಬೆರಳು ತೋರಿಸಿದರು.

"ಅದನ್ನ ತಗೋ. ದಾಟಿಸು."

ಬೀರೇಶ ಹುಟ್ಟುಗೋಲು ಎತ್ತಿಕೊಂಡ. ಹರಿಗೋಲನ್ನು ನೋಡಿದ. ಗುಂಡಗೆ ಬುಟ್ಟಿಯಂತಿತ್ತು. ಹಿಂದು ಯಾವುದು ಮುಂದು ಯಾವುದು ತಿಳಿಯಲಿಲ್ಲ. ಅಭ್ಯಾಸಬಲದಿಂದ 'ಗೊತ್ತು' ಅನ್ನುವ ಮಾತು ತುಟಿಯ ತನಕ ಬಂತು. ಬಂದು ಅಲ್ಲೇ ನಿಂತಿತು.

"ಗುರುಗಳೇ," ಅಂದ, "ಇದು ನನಗೆ ಗೊತ್ತಿಲ್ಲ."

ಗುರುಗಳು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

"ಗೊತ್ತಿರೋನು ಅಲ್ಲಿ ಕುರಿ ಕಾಯ್ತಾ ಇದಾನೆ. ನೀನು ಹತ್ತು."